ತಾಯವ್ವ ವಿಜಾಪುರ ನೋಡಿದ ಎರಡು ದಿನ

ಬಬಲೇಶ್ವರದ ಬಸಲಿಂಗಯ್ಯನವರ ಹೊಲದ ಬಾವಿಗೆ ನೀರು ಬಿದ್ದದ್ದು ೧೯೬೩ರ ಬೇಸಿಗೆಯಲ್ಲಿ, ಐವತ್ತೆರಡು ಫೂಟು ಇಳಿದ ಮೇಲೆ. ನಲವತ್ತು ಫೂಟಿಗೇ ಊರವರು ಕೈಬಿಡಿ ಎಂದಿದ್ದರು. ಬಾವಿ ತೋಡುವ ಗುಂಪಿನ ಹಿರಿಯ ಯಲಗೂರಪ್ಪನಿಗೂ ಒಳಗೊಳಗೇ ಸಂಶಯ ಬಂದಿತ್ತು. ಅವನ ಹೆಂಡತಿ ತಾಯವ್ವ ಮಾತ್ರ ಮೇಲೆ ಬಂದ ಬುಟ್ಟಿಯ ಮಣ್ಣನ್ನು ದಿನವೂ ಅಂಗೈಯಲ್ಲಿ ತಿಕ್ಕಿ, ಮೂಸಿ, "ಇನ್ನಷ್ಟು ಇಳೀರಿ. ಮಣ್ಣು ತಂಪಾಗಾಕತ್ತೈತಿ" ಎನ್ನುತ್ತಿದ್ದಳು. ಒಂದು ಮಧ್ಯಾಹ್ನ ಹಾರೆ ಬಿದ್ದ ಕಡೆಯಿಂದ ನೀರು ಚಿಮ್ಮಿತು. ಕೆಳಗಿದ್ದವರು ಸಾಮಾನು ಬಿಟ್ಟು ಹಗ್ಗ ಹಿಡಿದು ಮೇಲೆ ಬಂದರು.

ತಾಯವ್ವ ತಿಕೋಟಿ ಹತ್ತಿರದ ಘೋಣಸಗಿಯವಳು. ಆಗ ಅವಳಿಗೆ ನಲವತ್ತೈದರ ಆಚೀಚೆ ವಯಸ್ಸು. ಎಂಟನೆಯ ವರ್ಷಕ್ಕೆ ತಲೆಯ ಮೇಲೆ ಸಿಂಬಿ ಇಟ್ಟು ಮಣ್ಣಿನ ಬುಟ್ಟಿ ಹೊತ್ತವಳು, ಮದುವೆಯಾದದ್ದೂ ಬಾವಿ ತೋಡುವವನನ್ನೇ. ಆ ಸೀಮೆಯ ಬಾವಿಗಳೆಲ್ಲ ಅವಳಿಗೆ ಮಣ್ಣಿನ ಗುರುತಿನಿಂದಲೇ ಗೊತ್ತು. ಕನಮಡಿಯ ಗೌಡರ ಬಾವಿ ಎಂದರೆ ಕೆಂಪು ಗರಸು, ತಿಕೋಟಿಯ ತೋಟದ ಬಾವಿ ಎಂದರೆ ಸುಣ್ಣದ ಹರಳು. ಓದು ಬರಹ ಬರುತ್ತಿರಲಿಲ್ಲ. ಕೇಳುವುದು ಮಾತ್ರ ಬಹಳ. ಯಾವುದನ್ನಾದರೂ ನೋಡಿದರೆ ಅದು ಹೇಗೆ ಆಯಿತು ಎಂದು ತಿಳಿಯುವತನಕ ಬಿಡುವವಳಲ್ಲ.

ನೀರು ಬಿದ್ದ ಬಾವಿಗೆ ಪೂಜೆ ಮಾಡಿದ ದಿನ ತೋಡಿದವರಿಗೆ ಬಟ್ಟೆ ಕೊಡುವುದು ಪದ್ಧತಿ. ಬಸಲಿಂಗಯ್ಯನವರು ಊರಲ್ಲಿ ಕಾಳಿನ ವ್ಯಾಪಾರ ಇದ್ದವರು, ಕೈ ಸಡಿಲು. ಯಲಗೂರಪ್ಪನಿಗೆ ಧೋತರ, ರುಮಾಲು ಕೊಟ್ಟರು. ತಾಯವ್ವನ ಮುಂದೆ ಹರಿವಾಣದಲ್ಲಿ ಇಳಕಲ್ ಸೀರೆ ಹಿಡಿದರು. ಅವಳು ಕೈ ಮುಗಿದು ನಿಂತಳೇ ಹೊರತು ಮುಟ್ಟಲಿಲ್ಲ.

"ಸೀರಿ ಒಲ್ಲೆ ಯಪ್ಪಾ."

"ಯಾಕ, ಬಣ್ಣ ಸೇರಲಿಲ್ಲೇನು?"

"ಬಣ್ಣ ಭಾಳ ಚಲೋ ಐತ್ರಿ. ನನಗ ಇಜಾಪುರ ತೋರಸ್ರಿ."

ಕೂತವರೆಲ್ಲ ನಕ್ಕರು. ಬಸಲಿಂಗಯ್ಯನವರು, "ಇಜಾಪುರಕ್ಕ ದಿನಾ ಬಸ್ಸು ಹೋಗತೈತಲ್ಲ ಬೇ" ಎಂದರು.

"ಬಸ್ಸು ಊರು ಮುಟ್ಟಸ್ತೈತ್ರಿ, ಊರು ತೋರಸೂದಿಲ್ಲ. ಉಳ್ಳಾಗಡ್ಡಿ ಮಾರಾಕ ನಾಕು ಸಲ ಹೋಗೀನಿ. ಚೀಲದ ಮುಂದ ಕೂತು ತಿರಗಿ ಬಂದೀನಿ. ಅಲ್ಲೆ ಒಬ್ಬಾಂವ ಬಿಳಿ ಮಂದೀನ ಕರಕೊಂಡು, ಕೈ ಮಾಡಿ ಮಾಡಿ ಎಲ್ಲಾ ಹೇಳತಿದ್ದ. ಅವರು ಕೇಳಿದ್ದಕ್ಕೆಲ್ಲಾ ಜವಾಬು ಕೊಡತಿದ್ದ. ಅಂಥಾಂವ ನನಗೊಬ್ಬ ಬೇಕು. ನನಗೊಬ್ಬಾಕೀಗೆ. ಗುಂಪಿನ್ಯಾಗ ಬ್ಯಾಡ್ರಿ, ಗುಂಪಿನ್ಯಾಗ ನನ್ನ ಮಾತು ಯಾರು ಕೇಳತಾರ?"

ನಗು ನಿಂತಿತು. ಒಳಗಿನಿಂದ ಬಸಲಿಂಗಯ್ಯನವರ ಹೆಂಡತಿ ಗುರುಬಸವ್ವ ಬಾಗಿಲಿಗೆ ಬಂದು, "ಆಕಿ ಬೇಡಿದ್ದು ಕೊಡ್ರಿ. ಸೀರಿನೂ ಕೊಡ್ರಿ. ಉಟಗೊಂಡು ಹೋಗ್ಲಿ" ಎಂದಳು.

ಹಾಗೆ ವಿಜಾಪುರದ ಗೈಡ ಕಾಸಿಮಸಾಬನಿಗೆ ಬಸಲಿಂಗಯ್ಯನವರ ಚೀಟಿ ಹೋಯಿತು. ಬರುವ ಸೋಮವಾರ ನಮ್ಮ ಕಡೆಯವರು ಬರುತ್ತಾರೆ, ಇಡೀ ದಿನ ಅವರಿಗೇ ಮೀಸಲಿಡಬೇಕು, ಕೇಳಿದ್ದನ್ನೆಲ್ಲ ಹೇಳಬೇಕು ಎಂದು.

ಸೋಮವಾರದವರೆಗಿನ ಐದು ದಿನ ತಾಯವ್ವನಿಗೆ ಕೈಕಾಲು ನಿಲ್ಲಲಿಲ್ಲ. ಯಲಗೂರಪ್ಪನನ್ನೂ ಕರೆದಳು. ಅವನು ಮುಂದಿನ ಬಾವಿಯ ಜಾಗ ನೋಡಲು ಕನಮಡಿಗೆ ಹೊರಟಿದ್ದ. "ಕಲ್ಲು ನೋಡಾಕ ಅಷ್ಟು ದೂರ ಹೋಗಬೇಕೇನು? ನಮ್ಮ ಹೊಲದಾಗ ಕಡಿಮಿ ಬಿದ್ದಾವೇನು?" ಎಂದು ಹೆಗಲ ಮೇಲೆ ಹಾರೆ ಇಟ್ಟುಕೊಂಡು ನಡೆದೇಬಿಟ್ಟ. ತಾಯವ್ವ ಹೊಸ ಸೀರೆ ಉಟ್ಟು, ಸಜ್ಜಿ ರೊಟ್ಟಿ, ಶೇಂಗಾ ಚಟ್ನಿಯ ಗಂಟು ಕಟ್ಟಿಕೊಂಡು, ಬೆಳಕು ಹರಿಯುವ ಮೊದಲೇ ಘೋಣಸಗಿ ಬಿಟ್ಟಳು. ತಿಕೋಟಿಯಲ್ಲಿ ಮೊದಲ ಬಸ್ಸು ಹತ್ತಿದಳು. ಬಸ್ಸಿನಲ್ಲಿ ಪಕ್ಕದವಳಿಗೆ, ಹಿಂದಿನ ಸೀಟಿನ ಮುದುಕನಿಗೆ, ಕೊನೆಗೆ ಕಂಡಕ್ಟರನಿಗೂ ಹೇಳಿದಳು: "ನನ್ನ ಸಲುವಾಗಿ ಅಲ್ಲೆ ಗೈಡ ನಿಂತಾನ್ರಿ."

ವಿಜಾಪುರದ ಬಸ್ ನಿಲ್ದಾಣದಲ್ಲಿ ನಿಜವಾಗಿಯೂ ನಿಂತಿದ್ದ. ಕಾಸಿಮಸಾಬ ಐವತ್ತು ದಾಟಿದ ತೆಳ್ಳನೆಯ ಮನುಷ್ಯ. ಹಿತ್ತಾಳೆ ಗುಂಡಿಯ ಕರಿ ಕೋಟು, ಇಸ್ತ್ರಿ ಮಾಡಿದ ಬಿಳಿ ಪಾಯಜಾಮ, ಕೈಯಲ್ಲಿ ಬೆತ್ತ. ಬಸಲಿಂಗಯ್ಯನವರ ಕಡೆಯವರು ಎಂದರೆ ಯಾರೋ ದೊಡ್ಡ ವ್ಯಾಪಾರಿಗಳು, ಹೆಂಡತಿ ಮಕ್ಕಳ ಸಮೇತ ಬರುತ್ತಾರೆ ಎಂದುಕೊಂಡಿದ್ದ. ಬಸಲಿಂಗಯ್ಯನವರ ಹೆಸರು ಹೇಳಿ ಎದುರು ನಿಂತ ಹೆಂಗಸಿನ ಹಿಂದೆ ಇಣುಕಿ ನೋಡಿ, "ಉಳದವರು ಎಲ್ಲಿ ಅದಾರ?" ಎಂದು ಕೇಳಿದ.

"ಉಳದವರು ಯಾರಿಲ್ಲೋ ಅಣ್ಣಾ. ನಾನ ಬಂದೀನಿ."

ಕಾಸಿಮಸಾಬನ ಮುಖ ಸ್ವಲ್ಪ ಇಳಿಯಿತು. ಆದರೆ ಒಪ್ಪಿಕೊಂಡ ಮಾತು. ಬೆತ್ತ ಎತ್ತಿ "ಬರ್ರಿ" ಎಂದು ಅರಕಿಲ್ಲೆಯ ಕಡೆ ನಡೆದ. ಹಳೆಯ ವಿಜಾಪುರದ ನಡುವಿನ ಆ ಕೋಟೆಯಲ್ಲೇ ಸುಲ್ತಾನರ ಅರಮನೆಗಳು.

ಗಗನಮಹಲಿನ ದೊಡ್ಡ ಕಮಾನಿನ ಕೆಳಗೆ ನಿಂತು ಅವನು ಇಪ್ಪತ್ತೈದು ವರ್ಷದಿಂದ ಹೇಳಿ ಹೇಳಿ ನುಣುಪಾದ ಮಾತುಗಳನ್ನು ಶುರುಮಾಡಿದ. ಇಲ್ಲಿ ಸುಲ್ತಾನರ ದರಬಾರು ನಡೆಯುತ್ತಿತ್ತು, ಅಲ್ಲಿ ಸಿಂಹಾಸನ, ಮೇಲೆ ರಾಣಿಯರ ಕೋಣೆ. ತಾಯವ್ವ ಬಾಯಿ ತೆರೆದು ಕಮಾನನ್ನೇ ನೋಡುತ್ತಿದ್ದಳು. ಉಳ್ಳಾಗಡ್ಡಿ ಚೀಲದ ಮುಂದೆ ಕೂತಾಗ ಇದು ದೂರದಲ್ಲಿ ಒಂದು ಮುರುಕು ಗೋಡೆಯಂತೆ ಕಂಡಿತ್ತು. ಹತ್ತಿರ ಬಂದರೆ ಕತ್ತು ಹಿಂದಕ್ಕೆ ಬಿದ್ದರೂ ತುದಿ ಸಿಗದು. ಅವಳು ಹೋಗಿ ಕಂಬಕ್ಕೆ ಎರಡೂ ಅಂಗೈ ಒತ್ತಿದಳು. ಕಲ್ಲು ಇನ್ನೂ ರಾತ್ರಿಯ ತಂಪು ಬಿಟ್ಟಿರಲಿಲ್ಲ.

"ಎಷ್ಟು ಆಳ ಬುನಾದಿ ತೋಡ್ಯಾರಣ್ಣಾ ಇದಕ್ಕ?"

ಕಾಸಿಮಸಾಬ ಮಾತು ನಿಲ್ಲಿಸಿದ. "ಬುನಾದಿ... ಬಹಳ ಆಳ ಇರಬೇಕು."

"ತೋಡಿದ ಮಣ್ಣು ಎಲ್ಲಿ ಚೆಲ್ಲಿದ್ರು?"

"ಏನು?"

"ಮಣ್ಣು. ಇಷ್ಟು ಮನಿ ಕಟ್ಟ್ಯಾರ, ಸುತ್ತ ಖಂದಕ ತೋಡ್ಯಾರ. ಅದರ ಮಣ್ಣು ಎಲ್ಲೋ ಚೆಲ್ಲಿರಬೇಕಲ್ಲ. ಒಂದು ಬಾವಿ ತೋಡಿದ್ರ ದಂಡಿಮ್ಯಾಗ ಗುಡ್ಡ ನಿಲ್ಲತೈತಿ. ಇಲ್ಲೆ ಗುಡ್ಡ ಕಾಣವಲ್ಲದು."

ಕಾಸಿಮಸಾಬ ಬೆತ್ತವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದ. ಕಲೆಕ್ಟರರಿಗೆ ತೋರಿಸಿದ್ದ, ಮುಂಬಯಿಯ ಪ್ರೊಫೆಸರರಿಗೆ ತೋರಿಸಿದ್ದ, ಹೆಸರು ಹೇಳಲಾಗದ ದೇಶಗಳವರಿಗೆ ತೋರಿಸಿದ್ದ. ಅವರೆಲ್ಲ ಎತ್ತರ ಕೇಳಿದ್ದರು, ವರ್ಷ ಕೇಳಿದ್ದರು, ಸುಲ್ತಾನನಿಗೆ ಎಷ್ಟು ಹೆಂಡಂದಿರು ಎಂದು ಕೇಳಿದ್ದರು. ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

"ನನಗ ಗೊತ್ತಿಲ್ಲ ಅಕ್ಕಾ" ಎಂದ. ಹೇಳಿದ ಮೇಲೆ ಅವನಿಗೇ ಆಶ್ಚರ್ಯವಾಯಿತು. ಗೊತ್ತಿಲ್ಲ ಎಂಬ ಮಾತು ಗೈಡನ ಬಾಯಲ್ಲಿ ಬರಬಾರದು ಎಂದು ಅವನ ಉಸ್ತಾದ ಕಲಿಸಿದ್ದ.

"ಹಂಗಾರ ಹುಡಕೂಣು ನಡಿ!"

ಅಲ್ಲಿಂದ ಮುಂದೆ ಯಾರು ಯಾರನ್ನು ಕರೆದೊಯ್ದರು ಎಂದು ಹೇಳುವುದು ಕಷ್ಟ. ಸಾತ ಮಂಜಿಲ ನೋಡಿದರು, ಅದರ ಎದುರಿನ ಚಿಕ್ಕ ಜಲಮಂಜಿಲದ ಕಲ್ಲಿನ ಕೆತ್ತನೆ ನೋಡಿದರು. ತಾಯವ್ವ ಅದನ್ನು ಮೂರು ಸುತ್ತು ಹಾಕಿ, "ಇದನ್ನ ಕಟದಾಂವ ಬಂಗಾರ ಕೆಲಸದಾಂವ ಇರಬೇಕು" ಎಂದಳು. ಆದರೆ ಅವಳ ಕಣ್ಣೆಲ್ಲ ನೆಲದ ಮೇಲೆ. ಖಂದಕದ ದಂಡೆಗೆ ಬಂದಾಗ ಇಳಿದೇಬಿಟ್ಟಳು. ಜಾಲಿಯ ಮುಳ್ಳು ಸರಿಸಿ, ಬದಿಯ ಮಣ್ಣು ಕೆರೆದು, ಅಂಗೈಯಲ್ಲಿ ತಿಕ್ಕಿದಳು. ಹಳದಿ ಕಲೆತ ಗರಸು, ನಡುವೆ ಬಿಳಿ ಹರಳು. ಸೆರಗಿನ ತುದಿಗೆ ಒಂದು ಹಿಡಿ ಕಟ್ಟಿಕೊಂಡು ಮೇಲೆ ಬಂದಳು. ಕೋಟೆಗೋಡೆಯ ಬದಿ ಹಿಡಿದು ನಡೆದಳು, ಹಿಂದೆ ಕಾಸಿಮಸಾಬ. ಒಂದು ಕಡೆ ಗೋಡೆ ಕುಸಿದು ಒಳಗು ಕಾಣುತ್ತಿತ್ತು. ಆಚೆ ಒಂದು ಕಲ್ಲಿನ ಸಾಲು, ಈಚೆ ಒಂದು ಕಲ್ಲಿನ ಸಾಲು, ನಡುವೆ ಎತ್ತಿನ ಬಂಡಿ ಹಾಯುವಷ್ಟು ಅಗಲ ತುಂಬಿದ ಮಣ್ಣು.

ತಾಯವ್ವ ಓಡಿದಳು. ಆ ಮಣ್ಣು ಕೆದರಿ ಒಂದು ಅಂಗೈಗೆ ಹಾಕಿಕೊಂಡಳು, ಸೆರಗಿನ ಮಣ್ಣು ಬಿಚ್ಚಿ ಇನ್ನೊಂದಕ್ಕೆ ಹಾಕಿಕೊಂಡಳು. ಹಳದಿ ಗರಸು, ಬಿಳಿ ಹರಳು. ಎರಡೂ ಒಂದೇ.

"ಸಿಕ್ತೋ ಅಣ್ಣಾ! ಇಲ್ಲೇ ಐತಿ ನೋಡು! ಖಂದಕ ತೋಡಿ ಗ್ವಾಡಿ ಹೊಟ್ಟಿಗೆ ತುಂಬ್ಯಾರ. ಒಂದ ಕೆಲಸದಾಗ ಎರಡು ಮಾಡ್ಯಾರ, ಶಾಣ್ಯಾರು!"

ಕಾಸಿಮಸಾಬ ಎರಡೂ ಅಂಗೈಗಳನ್ನು ನೋಡಿದ. ಈ ಕುಸಿದ ಜಾಗದ ಮುಂದೆ ಸಾವಿರ ಸಲ ಹಾದಿದ್ದ. ಬಂದವರನ್ನು ಬೇಗ ದಾಟಿಸುತ್ತಿದ್ದ, ಹಾಳುಬಿದ್ದದ್ದು ಕಾಣಬಾರದೆಂದು.

"ಎಷ್ಟು ಹೆಣಮಕ್ಕಳು ಹೊತ್ತಿರಬೇಕು" ಎಂದಳು ತಾಯವ್ವ, ಗೋಡೆಯ ಉದ್ದಕ್ಕೂ ನೋಡುತ್ತ. "ಅವರ ಹೆಸರು ಏನಾರ ಹೇಳತಾರೇನು?"

"ಇಲ್ಲವಾ."

"ಹೋಗ್ಲಿ ಬಿಡು. ಕೆಲಸಂತೂ ನಿಂತೈತಿ."

ಅಸರಮಹಲಿಗೆ ಬರುವಷ್ಟರಲ್ಲಿ ಬಿಸಿಲು ಏರಿತ್ತು. ಕಾಸಿಮಸಾಬ ಮುಜುಗರದಿಂದ, "ಒಳಗ ಹೆಣಮಕ್ಕಳನ್ನ ಬಿಡೂದಿಲ್ಲ ಅಕ್ಕಾ" ಎಂದ. "ಬಿಡದಿದ್ರ ಬ್ಯಾಡ. ನನಗ ಈ ಹೊಂಡ ಸಾಕು" ಎಂದು ಅವಳು ಮಹಲಿನ ಮುಂದಿನ ಚೌಕ ಹೊಂಡದ ಮೆಟ್ಟಿಲ ಮೇಲೆ ಕೂತು ರೊಟ್ಟಿಯ ಗಂಟು ಬಿಚ್ಚಿದಳು. ಅವನಿಗೂ ಒಂದು ರೊಟ್ಟಿ ಕೊಟ್ಟಳು. ತಿನ್ನುತ್ತ, ಈ ನೀರು ಎಲ್ಲಿಂದ ಬರುತ್ತದೆ ಎಂದು ಕೇಳಿದಳು. ಇದು ಅವನಿಗೆ ಗೊತ್ತಿತ್ತು. ದಕ್ಷಿಣಕ್ಕೆ ಬೇಗಂ ತಲಾಬ, ಅಲ್ಲಿಂದ ನೆಲದೊಳಗೆ ಮಣ್ಣಿನ ಕೊಳವೆ, ದಾರಿಯಲ್ಲಿ ಅಲ್ಲಲ್ಲಿ ಕಲ್ಲಿನ ಗೋಪುರ, ಅವಕ್ಕೆ ಗಂಜ ಎನ್ನುತ್ತಾರೆ ಎಂದ. ಹಾಗಾದರೆ ಒಂದು ಗಂಜ ತೋರಿಸು ಎಂದು ಹಟ ಹಿಡಿದಳು. ಅವನು ಅದನ್ನು ಯಾರಿಗೂ ತೋರಿಸಿದವನಲ್ಲ. ತೋರಿಸಿದ. ಮನೆಗಳ ಸಂದಿಯಲ್ಲಿ ಕತ್ತು ಎತ್ತಿ ನಿಂತ ಚೌಕ ಕಂಬ, ಮೈಯಲ್ಲಿ ಹುಲ್ಲು.

"ಇದು ಯಾಕ ಕಟ್ಟಿದ್ರೋ ನನಗೂ ತಿಳೀದು" ಎಂದ ಕಾಸಿಮಸಾಬ. ಈ ಸಲ ಗೊತ್ತಿಲ್ಲ ಎನ್ನುವುದು ಸುಲಭವಾಗಿ ಬಂತು.

ತಾಯವ್ವ ಸುತ್ತ ನೋಡಿ, ಬುಡದ ತೂತಿಗೆ ಕೈ ಹಾಕಿ, ಒಳಗಿನ ಒಣ ಹೂಳು ಒಂದು ಚಿಟಿಕೆ ತೆಗೆದಳು. ಅದು ಹಿಟ್ಟಿನಂತೆ ನುಣುಪಾಗಿತ್ತು. "ಹೂಳು ನಿಲ್ಲಾಕೋ ಅಣ್ಣಾ! ದೂರದಿಂದ ರಭಸಲೆ ಬಂದ ನೀರು ಇಲ್ಲೆ ಮ್ಯಾಲೇರಿ ದಮ್ಮು ಕಳಕೋತೈತಿ. ಮಣ್ಣು ತಳಕ್ಕ ಕೂಡತೈತಿ, ತಿಳಿ ಮುಂದ ಹೋಗತೈತಿ. ಇಲ್ದಿದ್ರ ರಭಸಕ್ಕ ಕೊಳವಿ ಒಡದು ಹೋಗತಿತ್ತು."

ಕಾಸಿಮಸಾಬ ಕೋಟಿನ ಜೇಬಿನಿಂದ ಸಣ್ಣ ಪುಸ್ತಕ ತೆಗೆದು ಅದನ್ನು ಬರೆದುಕೊಂಡ.

ಮೆಹತರಮಹಲಿನ ಕಿರಿದಾದ ಬಾಗಿಲು, ಕಟ್ಟಿಗೆಯಲ್ಲಿ ಕೆತ್ತಿದಂಥ ಅದರ ಕಲ್ಲಿನ ಕೆಲಸ ನೋಡಿ ಹೊರಟಾಗ ಮಧ್ಯಾಹ್ನ ತಿರುಗಿತ್ತು. ಗೋಳಗುಮ್ಮಟಕ್ಕೆ ಹೋಗಲು ಕಾಸಿಮಸಾಬ ಒಂದು ಓಣಿಯೊಳಗಿನ ಹತ್ತಿರದ ದಾರಿ ಹಿಡಿದ. ಆ ಓಣಿಯ ನಡುವೆ ಹೆಸರಿಲ್ಲದ ಹಳೆಯ ಬಾವಡಿಯೊಂದರ ಸುತ್ತ ಜನ ಸೇರಿತ್ತು. ಬೇಸಿಗೆಗೆ ಬತ್ತಿದ ಬಾವಿಯನ್ನು ಓಣಿಯವರೇ ಸೇರಿ ಹೂಳು ತೆಗೆಯುತ್ತಿದ್ದರು. ನಾಲ್ಕು ದಿನವಾಯಿತು, ತಳ ಕಲ್ಲಿಗೆ ಹತ್ತಿದೆ, ನೀರಿಲ್ಲ. ಖಾಲಿ ಕೊಡ ಇಟ್ಟುಕೊಂಡು ಕಟ್ಟೆಯ ಮೇಲೆ ಕೂತ ರೇಣುಕವ್ವ ಎಂಬ ಹೆಂಗಸು, "ಇದು ಸತ್ತ ಬಾವಿ. ಸುಮ್ಮನ ಮೈ ನೋಸಗೊಳ್ಳಾಕತ್ತಾರ" ಎಂದಳು.

ತಾಯವ್ವ ಮೆಟ್ಟಿಲ ಮೇಲೆ ನಿಂತು ಕೆಳಗೆ ನೋಡಿದಳು. ಕಾಸಿಮಸಾಬ ಬೆತ್ತದಿಂದ ಮುಂದಿನ ದಾರಿ ತೋರಿಸಿದ. "ಅಕ್ಕಾ, ಗೋಳಗುಮ್ಮಟದ ಬಾಗಿಲ ಹಾಕತಾರ. ಹೊತ್ತಾದ್ರ ಆಗೂದಿಲ್ಲ" ಎಂದ. ಅವಳು ಹೊಸ ಸೀರೆಯ ಕಚ್ಚೆ ಬಿಗಿದು ಆಗಲೇ ಇಳಿಯುತ್ತಿದ್ದಳು.

ತಳದಲ್ಲಿದ್ದ ಗಂಡಸರು ಕೆಲಸ ನಿಲ್ಲಿಸಿ ನೋಡಿದರು. ತಾಯವ್ವ ತಳ ನೋಡಲಿಲ್ಲ. ಅವಳ ಕಣ್ಣು ಗೋಡೆಯ ಮೇಲೆ. ಎಲ್ಲ ಕಡೆ ಹದವಾಗಿ ಕಟ್ಟಿದ ಕಲ್ಲು. ದಕ್ಷಿಣದ ಬದಿಗೆ, ತಳದಿಂದ ಎದೆಮಟ್ಟ ಮೇಲೆ, ಒಂದು ಕಡೆ ಮಾತ್ರ ಇಟ್ಟಿಗೆ ಚೂರು ತುಂಬಿ ಗಿಲಾವು ಬಳಿದಿದ್ದರು. ಅದರ ಕೆಳಗಿನ ಕಲ್ಲಿನ ಮೇಲೆ ಬೆರಳಗಲದ ಹಸಿರು ಪಾಚಿ. ಸುತ್ತ ಎಲ್ಲ ಒಣ, ಅಲ್ಲಿ ಮಾತ್ರ ಪಾಚಿ.

"ಒಂದು ಹಾರಿ ಕೊಡ್ರಿ."

"ಗ್ವಾಡಿ ಬಿದ್ದಗಿದ್ದೀತು!" ಎಂದು ಮೇಲಿನಿಂದ ಯಾರೋ ಕೂಗಿದರು.

"ಮೂವತ್ತು ವರ್ಸ ಆತು, ನನ್ನ ಮುಂದ ಒಂದು ಗ್ವಾಡಿ ಬಿದ್ದಿಲ್ಲ. ಕೊಡ್ರಿ."

ಅವಳು ಗಿಲಾವನ್ನು ಮೆಲ್ಲಗೆ, ಹಲ್ಲು ಕೀಳುವಂತೆ, ಒಂದೊಂದೇ ಚೂರು ಬಿಡಿಸಿದಳು. ಒಳಗೆ ಕಂಡದ್ದು ಮಣ್ಣಿನ ಕೊಳವೆಯ ದುಂಡನೆಯ ಬಾಯಿ. ಬಾಯಿ ತುಂಬ ಬೇರು. ಬಾವಿಯ ಮೇಲಿನ ಅರಳಿಮರದ್ದು. ಕುದುರೆ ಬಾಲದ ಹಾಗೆ ಜೊಂಪೆಯಾಗಿ ಬೆಳೆದು ಕೊಳವೆಯನ್ನು ಮುಚ್ಚಿಬಿಟ್ಟಿತ್ತು. ತಾಯವ್ವ ಅದನ್ನು ಹಿಡಿದು ಎಳೆದಳು. ಬರಲಿಲ್ಲ. ಇಬ್ಬರು ಗಂಡಸರು ಕೈ ಹಾಕಿದರು. ಇನ್ನೊಂದು ಕೈ ಬೇಕಾಯಿತು. ಆಗ ಕಾಸಿಮಸಾಬ, ಇಸ್ತ್ರಿಯ ಪಾಯಜಾಮ ಮೊಣಕಾಲಿಗೇರಿಸಿ, ಬೆತ್ತ ರೇಣುಕವ್ವನ ಕೈಗೆ ಕೊಟ್ಟು ಇಳಿದುಬಂದ. ನಾಲ್ವರೂ ಒಟ್ಟಿಗೆ ಜಗ್ಗಿದರು. ಮಾರುದ್ದದ ಬೇರು ಫಟ್ಟೆಂದು ಕಿತ್ತುಬಂತು. ನಾಲ್ವರೂ ತಳದ ಹೂಳಿನಲ್ಲಿ ಕುಸಿದು ಕೂತರು.

ಒಂದು ಕ್ಷಣ ಏನೂ ಇಲ್ಲ. ಕೊಳವೆಯಿಂದ ತಣ್ಣನೆಯ ಗಾಳಿ ಬಂತು. ಆಮೇಲೆ ಗುಳುಗುಳು ಸದ್ದು. ಆಮೇಲೆ ಕರಿ ನೀರು ಭಸಕ್ಕನೆ ಕಾಸಿಮಸಾಬನ ಹಿತ್ತಾಳೆ ಗುಂಡಿಗಳ ಮೇಲೆ ಬಿತ್ತು. ಕರಿ ಹೋಗಿ ಕಂದು ಬಂತು, ಕಂದು ಹೋಗಿ ಹೆಬ್ಬೆರಳ ದಪ್ಪದ ತಿಳಿ ನೀರು ಬೀಳತೊಡಗಿತು. ಮೇಲೆ ಓಣಿಯೇ ಕೂಗಿಕೊಂಡಿತು. ಕೊಡ ಬಡಿದರು, ಸಿಳ್ಳೆ ಹಾಕಿದರು. ರೇಣುಕವ್ವ ಬೆತ್ತವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡೇ ಮೆಟ್ಟಿಲಿಳಿದು ಬಂದು ತಾಯವ್ವನ ಕೆಸರು ಮೋರೆಯನ್ನು ಎರಡೂ ಕೈಯಲ್ಲಿ ಹಿಡಿದು ನೆಟಿಗೆ ಮುರಿದಳು.

"ಬೇಗಂ ತಲಾಬಿನ ನೀರು!" ಎಂದು ಕಾಸಿಮಸಾಬ ಕೆಸರಲ್ಲಿ ಕೂತೇ ಕೂಗಿದ. "ಸುಲ್ತಾನರ ಕಾಲದ ಕೊಳವಿ! ಇನ್ನೂ ಹರ‍್ಯಾಕತ್ತೈತಿ!"

ಚಹಾ ಕುಡಿಯದೆ ಓಣಿಯವರು ಬಿಡಲಿಲ್ಲ. ಬಿಟ್ಟಾಗ ಹೊತ್ತು ಬಹಳ ಇಳಿದಿತ್ತು. ಇಬ್ಬರೂ ಓಡಿದರು. ಒದ್ದೆ ಸೀರೆಯ ತಾಯವ್ವ ಮುಂದೆ, ಕೆಸರು ಕೋಟಿನ ಗೈಡ ಹಿಂದೆ. ಮರಗಳ ಸಂದಿಯಲ್ಲಿ ಗುಮ್ಮಟ ಕಂಡಿತು, ನಡೆದಷ್ಟೂ ದೊಡ್ಡದಾಯಿತು. ಬಾಗಿಲಿಗೆ ಬಂದಾಗ ಕಾವಲಿನವನು ಬೀಗ ಹಾಕಿ ಕೀಲಿ ಜೇಬಿಗಿಡುತ್ತಿದ್ದ. ಕಾಸಿಮಸಾಬ ಬೇಡಿಕೊಂಡ. ಕಾವಲಿನವನು ಇಬ್ಬರ ಅವತಾರ ನೋಡಿ, "ನಾಳೆ ಮುಂಜಾನೆ ಬಾ ಕಾಸಿಮಭಾಯಿ. ಎಲ್ಲರಿಗಿಂತ ಮೊದಲ ಬಿಡತೇನಿ" ಎಂದ.

ತಿಕೋಟಿಯ ಕೊನೆಯ ಬಸ್ಸು ಹೊರಡಲು ಸ್ವಲ್ಪ ಹೊತ್ತಿತ್ತು. ತಾಯವ್ವ ಒಂದು ಸಲ ಬಸ್ ನಿಲ್ದಾಣದ ದಿಕ್ಕು ನೋಡಿದಳು, ಒಂದು ಸಲ ಗುಮ್ಮಟ ನೋಡಿದಳು.

"ಬಸ್ಸು ನಾಳಿನೂ ಬರತೈತಿ" ಎಂದಳು. "ನಿನ್ನ ಮನ್ಯಾಗ ಒಂದು ಚಾಪಿ ಇದ್ದೀತೇನೋ ಅಣ್ಣಾ?"

ಕಾಸಿಮಸಾಬನ ಹೆಂಡತಿ ಹಾಜಿರಾಬಿ ಬಾಗಿಲಲ್ಲಿ ನಿಂತ ಇಬ್ಬರನ್ನೂ ನೋಡಿ ಮೊದಲು ನಕ್ಕಳು, ಆಮೇಲೆ ನೀರು ಕಾಸಿದಳು. ತನ್ನ ಸೀರೆ ಕೊಟ್ಟಳು. ತಾಯವ್ವನ ಸೀರೆ ಒಗೆದು ಒಣಗಹಾಕಿದಳು. ತಾಯವ್ವ ಅಂಗಳದಲ್ಲಿ ಕೂತು ಉಳಿದ ರೊಟ್ಟಿ ತಿನ್ನುತ್ತ ಮುಂಜಾನೆಯಿಂದ ನಡೆದುದನ್ನೆಲ್ಲ ಹೇಳಿದಳು. ಕೊನೆಗೆ, "ಗುಮ್ಮಟದ ಮ್ಯಾಲೆ ನಿಂತ್ರ ಹ್ಯಾಂಗ ಕಾಣತೈತಿ ವೈನಿ?" ಎಂದು ಕೇಳಿದಳು.

ಹಾಜಿರಾಬಿ ಒಲೆಯ ಕಡೆ ತಿರುಗಿದಳು. "ನನಗೇನ ಗೊತ್ತು? ನಾ ಹತ್ತಿಲ್ಲ."

"ಹತ್ತಿಲ್ಲ?"

"ಇಲ್ಲೇ ಹುಟ್ಟೀನಿ, ಇಲ್ಲೇ ಕೊಟ್ಟಾರ. ದಿನಾ ಅಂಗಳದಾಗಿಂದ ಕಾಣತೈತಿ. ಯಾರು ಕರಕೊಂಡು ಹೋಗಬೇಕು? ಇವ್ರಿಗೆ ಬಿಳಿ ಮಂದಿ ಆತು, ಕಲೆಕ್ಟರ ಆತು."

ತಾಯವ್ವ ಕಾಸಿಮಸಾಬನ ಕಡೆ ತಿರುಗಿದಳು. ಅವನು ಬಾಗಿಲಲ್ಲಿ ಕೂತು ಕೋಟಿನ ಗುಂಡಿ ಉಜ್ಜುತ್ತಿದ್ದ. ಉಜ್ಜುವುದನ್ನು ಇನ್ನಷ್ಟು ಜೋರು ಮಾಡಿದ.

"ನಾಳೆ ಇಬ್ಬರು ಬರತೇವಿ" ಎಂದಳು ತಾಯವ್ವ. "ಬಸಲಿಂಗಯ್ಯಪ್ಪ ಕೇಳಿದ್ರ ನಾ ಹೇಳತೇನಿ."

ಮುಂಜಾನೆ ಕಾವಲಿನವನು ಮಾತಿನಂತೆ ಮೊದಲು ಬಾಗಿಲು ತೆಗೆದ. ಮೂಲೆಯ ಮಿನಾರದೊಳಗಿನ ಮೆಟ್ಟಿಲು ಕಡಿದು, ಕಿರಿದು. ಹಾಜಿರಾಬಿ ಮೂರನೆಯ ಅಂತಸ್ತಿಗೆ ಕೂತಳು, ಐದನೆಯದಕ್ಕೆ ಕೂತಳು. "ಬಾವಿ ಹತ್ತಿದಂಗ ಹತ್ರಿ ವೈನಿ, ಕೆಳಗ ನೋಡಬ್ಯಾಡ್ರಿ" ಎಂದು ತಾಯವ್ವ ಹಿಂದಿನಿಂದ ಒತ್ತಿಕೊಟ್ಟಳು. ಮೇಲೆ ಬಯಲಿಗೆ ಬಂದಾಗ ಗಾಳಿ ಇಬ್ಬರ ಸೆರಗನ್ನೂ ಹಾರಿಸಿತು. ಊರು ಅಂಗೈ ಮೇಲೆ ಇಟ್ಟಂತೆ ಬಿದ್ದಿತ್ತು. ಹಾಜಿರಾಬಿ ತನ್ನ ಮನೆ ಹುಡುಕಿದಳು. ಸಿಕ್ಕಿತು. ಅಂಗಳದಲ್ಲಿ ಹಗ್ಗದ ಮೇಲೆ ಅವಳೇ ಹಾಕಿದ ಪಾಯಜಾಮ ಬಿಳಿ ಚುಕ್ಕೆಯಾಗಿ ಆಡುತ್ತಿತ್ತು. "ಇಷ್ಟ ಸಣ್ಣದು ನನ್ನ ಮನಿ!" ಎಂದು ಅವಳು ಬಾಯಿಗೆ ಕೈ ಹಚ್ಚಿದಳು. ತಾಯವ್ವ ಪಡುವಣಕ್ಕೆ ತಿಕೋಟಿಯ ರಸ್ತೆ ಹಿಡಿದು ಕಣ್ಣು ಹರಿಸಿ, ಕಾಣದ ಘೋಣಸಗಿಯನ್ನು ಬೆರಳು ಮಾಡಿ ತೋರಿಸಿದಳು.

ಗುಮ್ಮಟದ ಒಳಗಿನ ಸುತ್ತುಗಟ್ಟೆಗೆ ಬಂದರು. ಕೆಳಗೆ ಸುಲ್ತಾನನ ಗೋರಿ ಬೆಂಕಿಪೆಟ್ಟಿಗೆಯಷ್ಟು. ಕಾಸಿಮಸಾಬ ಎದುರು ಬದಿಗೆ ಹೋಗಿ ನಿಂತ. "ಏನಾರ ಅನ್ರಿ. ಇಲ್ಲೆ ಕೂಗಿದ್ರ ಹತ್ತು ಸಲ ತಿರಗಿ ಬರತೈತಿ" ಎಂದ.

ತಾಯವ್ವ ಯೋಚಿಸಿದಳು. ಕೂಗಲು ಸಾವಿರ ಮಾತಿದ್ದವು. ಆ ಸೀಮೆಯ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ, ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎನ್ನುತ್ತಾರೆ. ಮೂವತ್ತು ವರ್ಷದ ಸಂಸಾರದಲ್ಲಿ ಅವಳೂ ಹೇಳಿರಲಿಲ್ಲ. ಅದು ಯಾಕೆ ಆಗ ಹೊಳೆಯಿತೋ ಅವಳಿಗೂ ತಿಳಿಯದು. ಎದೆ ತುಂಬ ಗಾಳಿ ಎಳೆದುಕೊಂಡು ಕೂಗಿದಳು.

"ಯಲಗೂರಪ್ಪಾ!"

ಗುಮ್ಮಟ ಅದನ್ನು ತೆಗೆದುಕೊಂಡಿತು. ಯಲಗೂರಪ್ಪಾ, ಯಲಗೂರಪ್ಪಾ ಎಂದು ತಲೆಯ ಮೇಲೆ, ಬೆನ್ನ ಹಿಂದೆ, ಕಾಲ ಕೆಳಗೆ ಊರ ತುಂಬ ಹೆಂಗಸರು ಅವಳ ಗಂಡನನ್ನು ಕರೆದಂತೆ ಕೇಳಿತು. ತಾಯವ್ವ ನಾಚಿ, ನಕ್ಕು, ಗೋಡೆ ಹಿಡಿದು ಕೂತಳು. ನಗುವೂ ಹತ್ತು ಸಲ ತಿರುಗಿ ಬಂತು. ಹಾಜಿರಾಬಿಗೂ ನಗು ತಡೆಯಲಿಲ್ಲ. ನಗು ಆರಿದ ಮೇಲೆ ಅವಳು ಅತ್ತಿತ್ತ ನೋಡಿ, ಗೋಡೆಗೆ ಬಾಯಿ ಹತ್ತಿರ ತಂದು, ಕೂಗದೆ ಮೆಲ್ಲಗೆ ಒಂದೇ ಮಾತು ಅಂದಳು.

"ಕಾಸಿಮ."

ಎದುರು ಬದಿಯಲ್ಲಿ ಗೋಡೆಗೆ ಕಿವಿ ಕೊಟ್ಟು ನಿಂತ ಕಾಸಿಮಸಾಬ ಸಾವಿರಾರು ಪಿಸುಮಾತು ಕೇಳಿದವನು. ಈ ದನಿಯಲ್ಲಿ ತನ್ನ ಹೆಸರು ಅವನು ಕೇಳಿದ್ದು ಅದೇ ಮೊದಲು.  ಆಮೇಲೆ ಗೋಡೆಗೆ ಬಾಯಿ ಇಟ್ಟು ಏನೋ ಅಂದ. ಅದನ್ನು ಹಾಜಿರಾಬಿ ಮಾತ್ರ ಕೇಳಿದಳು. ಏನಂದ ಎಂದು ತಾಯವ್ವ ವಿಚಾರಿಸಿದರೂ ಅವಳು ಹೇಳಲಿಲ್ಲ.

ಆ ಸಂಜೆ ಘೋಣಸಗಿಯಲ್ಲಿ ಯಲಗೂರಪ್ಪ ಹಾದಿ ಕಾಯುತ್ತಿದ್ದ. ಎಲ್ಲ ಕೇಳಿ ಬೀಡಿ ಆರಿಸಿ, "ನನ್ನ ಹೆಸರು ಒದರಿದಿ? ಆಯುಸ್ಯ ಕಡಿಮಿ ಮಾಡಿದೆಲ್ಲ ಬೇ!" ಎಂದ.

"ಕರದದ್ದು ಒಂದು ಸಲ. ತಿರಗಿ ಬಂದದ್ದು ಹತ್ತು ಸಲ. ಹೆಚ್ಚಾತು, ಕಡಿಮಿ ಆಗಲಿಲ್ಲ" ಎಂದಳು ತಾಯವ್ವ.

ಆ ಬೇಸಿಗೆ ಮುಗಿಯುವತನಕ ಓಣಿಯ ಬಾವಡಿಯಲ್ಲಿ ನೀರು ನಿಂತಿತು. ಕಾಸಿಮಸಾಬ ಅಲ್ಲಿಂದ ಮುಂದೆ ಯಾರನ್ನೇ ಕರೆತಂದರೂ ಕುಸಿದ ಕೋಟೆಗೋಡೆಯ ಮುಂದೆ ನಿಲ್ಲಿಸುತ್ತಿದ್ದ, ಗಂಜದ ಬುಡಕ್ಕೆ ಕರೆದೊಯ್ಯುತ್ತಿದ್ದ. ಇದನ್ನೆಲ್ಲ ಯಾವ ಪುಸ್ತಕದಲ್ಲಿ ಓದಿದಿರಿ ಎಂದು ಕೇಳಿದವರಿಗೆ, ಘೋಣಸಗಿಯ ತಾಯವ್ವ ಹೇಳಿದ್ದು ಎನ್ನುತ್ತಿದ್ದ. ೧೯೬೬ರಲ್ಲಿ ಬಿಡುವಿದ್ದ ಒಂದು ಶ್ರಾವಣದಲ್ಲಿ ತಾಯವ್ವ ತನ್ನೂರಿನ ಹನ್ನೊಂದು ಹೆಂಗಸರನ್ನು ತಿಕೋಟಿಯ ಬಸ್ಸಿಗೆ ಹತ್ತಿಸಿಕೊಂಡು ಬಂದಳು. ಅವರೆಲ್ಲ ಬುಟ್ಟಿ ಹೊತ್ತವರೇ. ಕಾಸಿಮಸಾಬ ಅಂದು ಜ್ವರ ಬಂದು ಮಲಗಿದ್ದ. ಹಾಜಿರಾಬಿ ಬಾಗಿಲಿಗೆ ಬಂದು ನೋಡಿದಳು, ಒಳಗೆ ಹೋದಳು, ಗಂಡನ ಬೆತ್ತ ತೆಗೆದುಕೊಂಡು ಹೊರಗೆ ಬಂದಳು.

"ಬರ್ರಿ, ನಾ ತೋರಸ್ತೇನಿ" ಎಂದು ಮುಂದೆ ನಡೆದಳು.